ಬಾರ್ಬಡೋಸ್: ಸಕ್ಕರೆ ದ್ವೀಪಕ್ಕೊಂದು ಸುತ್ತು

ಬ್ರಿಜ್‌ಟೌನ್ ಎಂಬ ಊರಿನ ಹೆಸರು ಕನ್ನಡದ ಓದುಗರಿಗೆ ಹೊಸದಲ್ಲ. ರೇಡಿಯೊ ಕಾಮೆಂಟರಿಯ ಕಾಲದಿಂದಲೂ ಕ್ರಿಕೆಟ್ ಪ್ರಿಯರ ಕಿವಿಗೆ ಬೀಳುತ್ತಾ ಬಂದಿರುವ ಹೆಸರು ಅದು. 1962ರಲ್ಲಿ ಭಾರತ ತಂಡದ ನಾಯಕ ನಾರಿ ಕಂಟ್ರಾಕ್ಟರ್ ಅವರ ತಲೆಗೆ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಬಡಿದದ್ದು ಇಲ್ಲಿ. ಅವರ ಪ್ರಾಣ ಉಳಿಸಲು ಎದುರಾಳಿ ನಾಯಕ ಫ್ರಾಂಕ್ ವಾರೆಲ್ ರಕ್ತದಾನ ಮಾಡಿದ್ದೂ ಇಲ್ಲಿಯೇ. 2024ರ ಜೂನ್ 29ರಂದು ಭಾರತ ಟಿ-20 ವಿಶ್ವಕಪ್ ಗೆದ್ದಾಗ, ಸಾಮಾನ್ಯವಾಗಿ ಶಾಂತರಾಗಿರುವ ರಾಹುಲ್ ದ್ರಾವಿಡ್ ಕಪ್ ಹಿಡಿದು ಕೂಗಿದ್ದನ್ನು ಕನ್ನಡಿಗರು ಕಂಡದ್ದು ಇದೇ ಊರಿನ ಕೆನ್ಸಿಂಗ್ಟನ್ ಓವಲ್ ಮೈದಾನದಿಂದ.

ಆದರೆ ಆ ಮೈದಾನದಾಚೆಗೆ ಏನಿದೆ? ಕ್ಯಾರಿಬಿಯನ್ ದ್ವೀಪಗಳಲ್ಲೆಲ್ಲ ಅತ್ಯಂತ ಪೂರ್ವಕ್ಕಿರುವ ಬಾರ್ಬಡೋಸ್‌ನ ಉದ್ದ ಸುಮಾರು 34 ಕಿಲೋಮೀಟರ್, ಅಗಲ 23 ಕಿಲೋಮೀಟರ್. ಇಡೀ ದೇಶದ ವಿಸ್ತೀರ್ಣ ಬೆಂಗಳೂರು ಮಹಾನಗರಕ್ಕಿಂತಲೂ ಕಡಿಮೆ. ಜನಸಂಖ್ಯೆ ಮೂರು ಲಕ್ಷವನ್ನೂ ಮುಟ್ಟಿಲ್ಲ. ಬೆಳಿಗ್ಗೆ ತಿಂಡಿ ಮುಗಿಸಿ ಕಾರು ಹತ್ತಿದರೆ ಸಂಜೆಯೊಳಗೆ ದ್ವೀಪವನ್ನು ಒಂದು ಸುತ್ತು ಹಾಕಿ ಬರಬಹುದು. ಲಕ್ಷಾಂತರ ಪ್ರವಾಸಿಗರು ಮಾಡುವುದೂ ಅದನ್ನೇ. ವಾಹನಗಳು ಭಾರತದಲ್ಲಿರುವಂತೆ ರಸ್ತೆಯ ಎಡಬದಿಯಲ್ಲೇ ಓಡುತ್ತವೆ. ಬಾಡಿಗೆ ಕಾರುಗಳ ನಂಬರ್ ಪ್ಲೇಟು 'ಎಚ್' ಅಕ್ಷರದಿಂದ ಆರಂಭವಾಗುವುದರಿಂದ ಪರದೇಶಿ ಚಾಲಕ ಯಾರೆಂಬುದು ಸ್ಥಳೀಯರಿಗೆ ದೂರದಿಂದಲೇ ತಿಳಿಯುತ್ತದೆ. ಬಸ್ ನಿಲ್ದಾಣಗಳ ಫಲಕಗಳಲ್ಲಿ ಊರುಗಳ ಹೆಸರಿಲ್ಲ. 'ನಗರದ ಕಡೆಗೆ', 'ನಗರದಿಂದ ಹೊರಗೆ' ಎಂಬ ಎರಡೇ ಬರಹ. ದಾರಿ ತಪ್ಪಿದರೂ ಹೆಚ್ಚೆಂದರೆ ಸಮುದ್ರ ಸಿಗುತ್ತದೆ.

ಈ ಸುತ್ತಾಟದಲ್ಲಿ ಎರಡು ಬಗೆಯ ಮನೆಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಒಂದು, ಹವಳದ ಸುಣ್ಣಕಲ್ಲಿನಿಂದ ಕಟ್ಟಿದ, ಮಹಾಗನಿ ಮರಗಳ ನಡುವೆ ನಿಂತ ಬಂಗಲೆಗಳು. ಇನ್ನೊಂದು, ತಳಪಾಯವೇ ಇಲ್ಲದೆ, ಸಡಿಲವಾಗಿ ಜೋಡಿಸಿದ ಕಲ್ಲುಗಳ ಮೇಲೆ ಕೂರಿಸಿದ ಪುಟ್ಟ ಮರದ ಮನೆಗಳು. ಬಾರ್ಬಡೋಸ್‌ನ ನಾಲ್ಕು ಶತಮಾನಗಳ ಚರಿತ್ರೆ ಈ ಎರಡು ಮನೆಗಳ ನಡುವೆ ಅಡಗಿದೆ.

ಖಾಲಿ ಪೀಠ, ತಪ್ಪು ಇಸವಿ

ಹೊರಡುವ ಮುನ್ನ ಬ್ರಿಜ್‌ಟೌನ್‌ನ ರಾಷ್ಟ್ರವೀರರ ಚೌಕವನ್ನು ನೋಡಬೇಕು. 1999ರವರೆಗೆ ಇದರ ಹೆಸರು ಟ್ರಫಾಲ್ಗರ್ ಚೌಕ. ಬ್ರಿಟಿಷ್ ನೌಕಾಧಿಪತಿ ನೆಲ್ಸನ್‌ನ ಪ್ರತಿಮೆ ಇಲ್ಲಿ ನಿಂತದ್ದು 1813ರಲ್ಲಿ, ಲಂಡನ್ನಿನ ಪ್ರಸಿದ್ಧ ನೆಲ್ಸನ್ ಸ್ತಂಭಕ್ಕಿಂತ ಎಷ್ಟೋ ಮೊದಲು. ದ್ವೀಪದ ಗುಲಾಮರಿಗೆ ಬಿಡುಗಡೆ ಸಿಕ್ಕಾಗ, 1966ರ ನವೆಂಬರ್ 30ರಂದು ದೇಶ ಸ್ವತಂತ್ರವಾದಾಗ ನೆಲ್ಸನ್ ಅಲ್ಲೇ ಇದ್ದ. ದಶಕಗಳ ಚರ್ಚೆಯ ನಂತರ 2020ರ ನವೆಂಬರ್‌ನಲ್ಲಿ ಸರ್ಕಾರ ಆ ಪ್ರತಿಮೆಯನ್ನು ಇಳಿಸಿತು. ಒಂದು ವರ್ಷದ ಬಳಿಕ, 2021ರ ನವೆಂಬರ್ 30ರಂದು, ಬ್ರಿಟನ್ನಿನ ರಾಣಿಯನ್ನು ರಾಷ್ಟ್ರದ ಮುಖ್ಯಸ್ಥೆಯ ಸ್ಥಾನದಿಂದ ಬಿಟ್ಟು ಬಾರ್ಬಡೋಸ್ ಗಣರಾಜ್ಯವಾಯಿತು.

ಪಶ್ಚಿಮ ಕರಾವಳಿಯಲ್ಲಿ ಉತ್ತರಕ್ಕೆ ಸಾಗುವ ರಸ್ತೆಯ ಎಡಕ್ಕೆ ಶಾಂತವಾದ ನೀಲಿ ಸಮುದ್ರ, ಸಾಲು ಸಾಲು ಹೋಟೆಲುಗಳು. ಸ್ವಲ್ಪ ಹೊತ್ತಿನಲ್ಲೇ ಹೋಲ್‌ಟೌನ್ ಬರುತ್ತದೆ. ಇಂಗ್ಲಿಷರು ಮೊದಲು ನೆಲೆಯೂರಿದ ಜಾಗ ಇದು. ಅಲ್ಲೊಂದು ಸ್ಮಾರಕ ಸ್ತಂಭವಿದೆ. ಇಂಗ್ಲಿಷರು 1605ರಲ್ಲಿ ಇಲ್ಲಿ ಕಾಲಿಟ್ಟರೆಂದು ಅದರ ಮೇಲೆ ಕೆತ್ತಲಾಗಿದೆ. ಆ ಇಸವಿ ತಪ್ಪು. ಕ್ಯಾಪ್ಟನ್ ಜಾನ್ ಪೊವೆಲ್ ಈ ದ್ವೀಪವನ್ನು ತನ್ನ ದೊರೆಯದೆಂದು ಸಾರಿದ್ದು 1625ರಲ್ಲಿ. 1905ರಲ್ಲಿ ಮುನ್ನೂರನೆಯ ವರ್ಷದ ಉತ್ಸಾಹದಲ್ಲಿ ನಿಲ್ಲಿಸಿದ ಕಲ್ಲು ಇಪ್ಪತ್ತು ವರ್ಷ ತಪ್ಪಿದೆ. ಕಲ್ಲಿನಲ್ಲಿ ಕೆತ್ತಿದ್ದೆಲ್ಲ ಸತ್ಯವಲ್ಲ ಎಂಬ ಎಚ್ಚರಿಕೆ ಪ್ರವಾಸಿಗರಿಗೆ ಹೀಗೆ ಆರಂಭದಲ್ಲೇ ಸಿಗುತ್ತದೆ.

1627ರ ಫೆಬ್ರವರಿಯಲ್ಲಿ ಜಾನ್‌ನ ಸೋದರ ಹೆನ್ರಿ ಪೊವೆಲ್ ಸುಮಾರು 80 ಮಂದಿ ಇಂಗ್ಲಿಷರನ್ನು ಇಲ್ಲಿಗೆ ಕರೆತಂದ. ಅದೇ ಹಡಗಿನಲ್ಲಿ ಹತ್ತು ಮಂದಿ ಗುಲಾಮರೂ ಇದ್ದರು. ಆ ವೇಳೆಗೆ ದ್ವೀಪದ ಮೂಲನಿವಾಸಿಗಳು ಅಲ್ಲಿ ಉಳಿದಿರಲಿಲ್ಲ. ಹೊಸಬರು ಕಾಡು ಕಡಿದು ಹೊಗೆಸೊಪ್ಪು ಬೆಳೆದರು, ಹತ್ತಿ ಬೆಳೆದರು. ಎರಡೂ ಅಷ್ಟಾಗಿ ಕೈಹಿಡಿಯಲಿಲ್ಲ. 1640ರ ದಶಕದಲ್ಲಿ ಡಚ್ಚರ ಹಿಡಿತದಲ್ಲಿದ್ದ ಬ್ರೆಜಿಲ್‌ನಿಂದ ಕಬ್ಬು ಅರೆದು ಸಕ್ಕರೆ ಮಾಡುವ ವಿದ್ಯೆ ಬಂತು. ಅಲ್ಲಿಂದ ಮುಂದೆ ಎಲ್ಲವೂ ಬದಲಾಯಿತು.

ಸ್ಥಿರಾಸ್ತಿಯಾದ ಮನುಷ್ಯ

ಸಕ್ಕರೆಯ ಕಥೆ ಭಾರತಕ್ಕೆ ತೀರ ದೂರದ್ದಲ್ಲ. ಕಬ್ಬಿನ ಹಾಲನ್ನು ಹರಳುಗಟ್ಟಿಸುವ ಕಲೆ ಬೆಳೆದದ್ದು ಭಾರತದಲ್ಲಿ. ಸಂಸ್ಕೃತದ 'ಶರ್ಕರಾ' ಶಬ್ದ ಪರ್ಷಿಯನ್ನರ, ಅರಬರ ಬಾಯಲ್ಲಿ ಹಾದು ಇಂಗ್ಲಿಷಿನ 'ಶುಗರ್' ಆಯಿತು. ಕನ್ನಡದ 'ಸಕ್ಕರೆ'ಗೂ ಅದೇ ಮೂಲ. ಅರಬರೊಂದಿಗೆ ಮೆಡಿಟರೇನಿಯನ್ ತಲುಪಿದ ಕಬ್ಬು, ಅಲ್ಲಿಂದ ಅಟ್ಲಾಂಟಿಕ್ ದ್ವೀಪಗಳಿಗೆ, ಬ್ರೆಜಿಲ್‌ಗೆ, ಕೊನೆಗೆ ಬಾರ್ಬಡೋಸ್‌ಗೆ ಬಂತು. ದಾರಿಯುದ್ದಕ್ಕೂ ಅದರ ಜೊತೆ ಗುಲಾಮಗಿರಿಯೂ ಬೆಳೆಯುತ್ತಾ ಬಂತು.

ಹಳೆಯ ಬಂದರು ಸ್ಪೈಟ್ಸ್‌ಟೌನ್ ದಾಟಿ ಒಳನಾಡಿಗೆ ತಿರುಗಿದರೆ ರಸ್ತೆಗಳು ಕಿರಿದಾಗುತ್ತವೆ. ಎರಡೂ ಕಡೆ ಆಳೆತ್ತರದ ಕಬ್ಬು. ಅದರ ನಡುವೆ ಸೇಂಟ್ ನಿಕೋಲಸ್ ಆಬಿ ಎಂಬ ಬಂಗಲೆ. 'ಆಬಿ' ಎಂದರೆ ಕ್ರೈಸ್ತ ಮಠ. ಇಲ್ಲಿ ಎಂದೂ ಮಠವಿರಲಿಲ್ಲ, ಸನ್ಯಾಸಿಗಳೂ ಇರಲಿಲ್ಲ. 1650ರ ದಶಕದಲ್ಲಿ ಬೆಂಜಮಿನ್ ಬೆರಿಂಜರ್ ಎಂಬ ತೋಟದ ಧಣಿ ಇಂಗ್ಲೆಂಡಿನ ಮಾದರಿಯಲ್ಲೇ ಕಟ್ಟಿಸಿದ ಮನೆ ಇದು. ಆ ಶೈಲಿಯ, ಆ ಕಾಲದ ಬಂಗಲೆಗಳು ಎರಡೂ ಅಮೆರಿಕ ಖಂಡಗಳಲ್ಲಿ ಉಳಿದಿರುವುದು ಮೂರೇ ಮೂರು. ಅವುಗಳಲ್ಲಿ ಎರಡು ಈ ಪುಟ್ಟ ದ್ವೀಪದಲ್ಲಿವೆ. ವರ್ಷವಿಡೀ ಸೆಕೆಯಿರುವ ಈ ನಾಡಿನ ಮನೆಯಲ್ಲಿ ಚಳಿ ಕಾಯಿಸಿಕೊಳ್ಳಲು ಅಗ್ಗಿಷ್ಟಿಕೆಗಳಿವೆ! ಇಂಗ್ಲೆಂಡಿನ ನಕ್ಷೆಯಲ್ಲಿ ಇದ್ದದ್ದು ಇಲ್ಲೂ ಬಂದಿರಬೇಕು. ಬೆರಿಂಜರ್ ಸತ್ತ ಕೆಲವೇ ವಾರಗಳಲ್ಲಿ ಆತನ ಪಾಲುದಾರ ಜಾನ್ ಯೀಮನ್ಸ್ ಆತನ ವಿಧವೆಯನ್ನು ಮದುವೆಯಾದ. ಊರು ಸಂಶಯಪಟ್ಟಿತು. ಯೀಮನ್ಸ್ ಮುಂದೆ ಉತ್ತರ ಅಮೆರಿಕದ ಕ್ಯಾರೊಲಿನಾ ವಸಾಹತಿನ ಗವರ್ನರ್ ಆದ.

ಮಾರ್ಗದರ್ಶಕರು ಈ ಕಥೆಯನ್ನು ರಸವತ್ತಾಗಿ ಹೇಳುತ್ತಾರೆ. ಆದರೆ ಈ ಮನೆಯ ಐಶ್ವರ್ಯದ ಮೂಲ ತಿಳಿಯಬೇಕಾದರೆ ಅಂಥ ತೋಟಗಳ ಹಳೆಯ ಆಸ್ತಿಪಟ್ಟಿಗಳನ್ನು ನೋಡಬೇಕು. ಎತ್ತು, ಕುದುರೆ, ತಾಮ್ರದ ಕೊಪ್ಪರಿಗೆಗಳ ಜೊತೆಗೇ ಅವುಗಳಲ್ಲಿ ಗಂಡಸರು, ಹೆಂಗಸರು, ಮಕ್ಕಳ ಹೆಸರುಗಳು, ಪ್ರತಿ ಹೆಸರಿನ ಮುಂದೆ ಬೆಲೆ. 1661ರಲ್ಲಿ ಬಾರ್ಬಡೋಸ್‌ನ ಶಾಸನಸಭೆ ಗುಲಾಮರನ್ನು ನಿಯಂತ್ರಿಸುವ ಸಮಗ್ರ ಕಾನೂನೊಂದನ್ನು ಮಾಡಿತು. ಜಮೈಕಾ, ದಕ್ಷಿಣ ಕ್ಯಾರೊಲಿನಾ ಮೊದಲಾದ ಇಂಗ್ಲಿಷ್ ವಸಾಹತುಗಳಿಗೆ ಅದೇ ಮಾದರಿಯಾಯಿತು. 1668ರಲ್ಲಿ ಬಂದ ಇನ್ನೊಂದು ಕಾನೂನು ಗುಲಾಮರನ್ನು 'ಸ್ಥಿರಾಸ್ತಿ' ಎಂದು ಘೋಷಿಸಿತು. ಭೂಮಿ, ಕಟ್ಟಡಗಳು ವಾರಸುದಾರನಿಗೆ ಹೋಗುವಂತೆ ಮನುಷ್ಯರೂ ತೋಟದೊಂದಿಗೆ ಹೋಗಬೇಕೆಂಬುದು ಇದರ ಅರ್ಥ.

ಗಾಳಿಯ ಗಾಣ

ಬಂಗಲೆಯಿಂದ ಸ್ವಲ್ಪವೇ ದೂರದಲ್ಲಿ ಚೆರ್ರಿ ಟ್ರೀ ಹಿಲ್. ಮಹಾಗನಿ ಮರಗಳ ನೆರಳಿನಿಂದ ಹೊರಬಂದ ಕೂಡಲೇ ಪೂರ್ವ ಕರಾವಳಿ ಇಡಿಯಾಗಿ ಕೆಳಗೆ ತೆರೆದುಕೊಳ್ಳುತ್ತದೆ. ದ್ವೀಪದ ಬಹುಭಾಗವನ್ನು ಹವಳದ ಸುಣ್ಣಕಲ್ಲು ಮುಚ್ಚಿದೆ. ಈ ಭಾಗದಲ್ಲಿ ಮಾತ್ರ ಅದು ಸವೆದುಹೋಗಿ, ಕೆಳಗಿನ ಮಣ್ಣು ಗುಡ್ಡ ಕಣಿವೆಗಳಾಗಿದೆ. ತವರನ್ನು ನೆನೆದವರು ಇದಕ್ಕೆ 'ಸ್ಕಾಟ್ಲೆಂಡ್' ಎಂದೇ ಹೆಸರಿಟ್ಟರು.

ಇಳಿಜಾರಿನಲ್ಲಿ ಮಾರ್ಗನ್ ಲೂಯಿಸ್ ಗಾಳಿಯಂತ್ರ ಸಿಗುತ್ತದೆ. ಒಂದು ಕಾಲಕ್ಕೆ ದ್ವೀಪದಲ್ಲಿ ಇಂಥ 500ಕ್ಕೂ ಹೆಚ್ಚು ಗಾಳಿಯಂತ್ರಗಳಿದ್ದವು. ಹೆಚ್ಚಿನವು ಈಗ ಬಳ್ಳಿ ಹಬ್ಬಿದ ಮೊಂಡು ಗೋಪುರಗಳು. ಮಾರ್ಗನ್ ಲೂಯಿಸ್ ಮಾತ್ರ ರೆಕ್ಕೆ, ಗಾಣಗಳ ಸಮೇತ ಉಳಿದಿದೆ. ಇದರೊಳಗೆ ನಿಂತರೆ ಸಕ್ಕರೆಯ ಲೆಕ್ಕಾಚಾರ ಅರ್ಥವಾಗುತ್ತದೆ. ಆಲೆಮನೆ ಕಂಡ ಕನ್ನಡಿಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ಹಾಲು ಹುಳಿಯುತ್ತದೆ. ಹಿಂಡಿದ ಹಾಲನ್ನು ತಡಮಾಡದೆ ಕಾಯಿಸಬೇಕು. ಆದ್ದರಿಂದ ಸುಗ್ಗಿಯ ತಿಂಗಳುಗಳಲ್ಲಿ ಗಾಳಿ ಇರುವವರೆಗೂ ಗಾಣ ನಿಲ್ಲುತ್ತಿರಲಿಲ್ಲ, ಹಗಲೂ ರಾತ್ರಿಯೂ ಪಾಳಿಯ ಮೇಲೆ ಕೆಲಸ. ನಿದ್ದೆಗಣ್ಣಿನಲ್ಲಿ ಕಬ್ಬು ಕೊಡುತ್ತಿದ್ದವರ ಬೆರಳು ರೋಲರಿಗೆ ಸಿಕ್ಕರೆ ತೋಳೇ ಒಳಗೆ ಹೋಗುತ್ತಿತ್ತು. ಅಂಥ ಹೊತ್ತಿನಲ್ಲಿ ತೋಳು ಕಡಿದು ಜೀವ ಉಳಿಸಲೆಂದು ವೆಸ್ಟ್ ಇಂಡೀಸಿನ ಗಾಣಗಳ ಪಕ್ಕದಲ್ಲಿ ಮಚ್ಚು ಇಟ್ಟಿರುತ್ತಿದ್ದರು. ಹರಳುಗಟ್ಟಿದ ಸಕ್ಕರೆ ಇಂಗ್ಲೆಂಡಿಗೆ ಹೋಯಿತು. ಉಳಿದ ಕಾಕಂಬಿಯನ್ನು ಭಟ್ಟಿ ಇಳಿಸಿದರೆ ರಮ್.

ಗುಲಾಮರ ವ್ಯಾಪಾರ ನಡೆದಷ್ಟು ಕಾಲದಲ್ಲಿ ಆಫ್ರಿಕದಿಂದ ಈ ದ್ವೀಪಕ್ಕೆ ತಂದಿಳಿಸಿದವರ ಸಂಖ್ಯೆ ಐದು ಲಕ್ಷದ ಸಮೀಪ ಎಂದು ಚರಿತ್ರಕಾರರ ಅಂದಾಜು. ಅವರಲ್ಲಿ ಕೆಲವರು ಬೇರೆ ವಸಾಹತುಗಳಿಗೆ ಮರುಮಾರಾಟವಾದರು. ಆದರೂ 1834ರಲ್ಲಿ ಬಿಡುಗಡೆಯ ಕಾನೂನು ಜಾರಿಗೆ ಬಂದಾಗ ಇಲ್ಲಿ ಉಳಿದಿದ್ದ ಗುಲಾಮರು ಸುಮಾರು 83 ಸಾವಿರ ಮಾತ್ರ. ದುಡಿಮೆ, ರೋಗ, ಹಸಿವು ಎಷ್ಟು ಜನರನ್ನು ನುಂಗಿದವೆಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.

ಪೂರ್ವ ಕರಾವಳಿಯ ರಸ್ತೆಯಲ್ಲಿ ಸಮುದ್ರದ ಸ್ವಭಾವವೇ ಬೇರೆ. ಬ್ಯಾತ್‌ಶೀಬಾ ಎಂಬ ಹಳ್ಳಿಯಲ್ಲಿ ಬುಡ ಸವೆದು ಅಣಬೆಯಂತಾದ ಬಂಡೆಗಳಿಗೆ ಅಟ್ಲಾಂಟಿಕ್ ಅಲೆಗಳು ಅಪ್ಪಳಿಸುತ್ತವೆ. ಇಲ್ಲಿಂದ ಆಫ್ರಿಕದ ತೀರದವರೆಗೆ ಬರೀ ನೀರು. ಪ್ರವಾಸಿಗರ ಮಧ್ಯಾಹ್ನದ ಊಟ ಸಾಮಾನ್ಯವಾಗಿ ಇಲ್ಲಿಯೇ. ಹಾರುಮೀನಿನ ಸಾರಿನೊಂದಿಗೆ ಬಡಿಸುವ 'ಕುಕು' ಈ ದೇಶದ ರಾಷ್ಟ್ರೀಯ ಖಾದ್ಯ. ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಕಾಯಿ ಬೇಯಿಸಿದ ನೀರಿನಲ್ಲಿ ಮರದ ಕೋಲಿನಿಂದ ತೊಳಸಿ ಮಾಡುವ ಇದು ಕನ್ನಡಿಗರಿಗೆ ಮುದ್ದೆಯನ್ನು ನೆನಪಿಸದಿರದು. ಗುಲಾಮರ ಪಡಿಯಲ್ಲಿದ್ದ ಮೆಕ್ಕೆಜೋಳಕ್ಕೆ ಆಫ್ರಿಕದ ಅಡುಗೆಯ ನೆನಪು ಸೇರಿ ಹುಟ್ಟಿದ ಊಟ ಇದು.

ಎದೆಯ ಮೇಲಿನ ಮುದ್ರೆ

ಬ್ಯಾತ್‌ಶೀಬಾದಿಂದ ದಕ್ಷಿಣಕ್ಕೆ ಹೋದರೆ ಎತ್ತರದ ತಾಳೆಮರಗಳ ಸಾಲು, ನೈದಿಲೆಯ ಕೊಳ, ಅದರಾಚೆ ಕಾಡ್ರಿಂಗ್‌ಟನ್ ಕಾಲೇಜು. ದ್ವೀಪದ ಅತ್ಯಂತ ಸುಂದರ ತಾಣಗಳಲ್ಲಿ ಒಂದು. 1710ರಲ್ಲಿ ಸತ್ತ ಕ್ರಿಸ್ಟೋಫರ್ ಕಾಡ್ರಿಂಗ್‌ಟನ್ ತನ್ನ ಎರಡು ಕಬ್ಬಿನ ತೋಟಗಳನ್ನು ಇಂಗ್ಲೆಂಡಿನ ಚರ್ಚಿಗೆ ಸೇರಿದ ಧರ್ಮಪ್ರಚಾರ ಸಂಘಕ್ಕೆ ಬರೆದಿಟ್ಟ. ತೋಟಗಳ ಜೊತೆ ಗುಲಾಮರೂ ಸಂಘದ ಸ್ವತ್ತಾದರು. ತೋಟದ ಆದಾಯದಿಂದ 1745ರಲ್ಲಿ ಕಾಲೇಜು ತೆರೆಯಿತು. ಪಾದ್ರಿಗಳಿಗೆ ಶಿಕ್ಷಣ ಕೊಡುವ ಈ ಸಂಸ್ಥೆಯ ತೋಟದಲ್ಲಿ, ಒಂದು ಕಾಲಕ್ಕೆ ಗುಲಾಮರ ಎದೆಯ ಮೇಲೆ ಕಾದ ಕಬ್ಬಿಣದಿಂದ 'ಸೊಸೈಟಿ' ಎಂಬ ಮುದ್ರೆ ಒತ್ತುತ್ತಿದ್ದರು. ಸೊಸೈಟಿ ಎಂದರೆ ಆ ಧರ್ಮಪ್ರಚಾರ ಸಂಘ. ಇಂಗ್ಲೆಂಡಿನ ಚರ್ಚು 2006ರಲ್ಲಿ ಇದಕ್ಕಾಗಿ ಕ್ಷಮೆ ಕೇಳಿತು. ಆ ಸಂಘದ ಇಂದಿನ ಉತ್ತರಾಧಿಕಾರಿ ಸಂಸ್ಥೆ 2023ರಲ್ಲಿ ಪ್ರಾಯಶ್ಚಿತ್ತವಾಗಿ 70 ಲಕ್ಷ ಪೌಂಡುಗಳ ಯೋಜನೆಯೊಂದನ್ನು ಪ್ರಕಟಿಸಿತು.

ಇಲ್ಲಿಂದ ಪಶ್ಚಿಮಕ್ಕೆ ತಿರುಗಿ ಒಳನಾಡಿನಲ್ಲಿ ಸಾಗಿದರೆ ಆ ಎರಡನೆಯ ಹಳೆಯ ಬಂಗಲೆ ಡ್ರ್ಯಾಕ್ಸ್ ಹಾಲ್ ಇರುವ ಸೀಮೆ ಬರುತ್ತದೆ. ಸಕ್ಕರೆಯನ್ನು ಇಲ್ಲಿ ಲಾಭದ ಉದ್ಯಮವಾಗಿಸಿದವರಲ್ಲಿ ಜೇಮ್ಸ್ ಡ್ರ್ಯಾಕ್ಸ್ ಮೊದಲಿಗ. ಮೂರೂವರೆ ಶತಮಾನ ಕಳೆದರೂ ತೋಟ ಅದೇ ಮನೆತನದ ಕೈಯಲ್ಲೇ ಉಳಿಯಿತು. ಬಡವರಿಗೆ ಮನೆ ಕಟ್ಟಿಕೊಡಲು ಅದರ ಸುಮಾರು 50 ಎಕರೆಯನ್ನು ಸರ್ಕಾರ ದುಡ್ಡು ಕೊಟ್ಟು ಕೊಳ್ಳಲು ಹೊರಟಾಗ ಜನ ಸಿಟ್ಟಿಗೆದ್ದರು. ಯಾರ ಪೂರ್ವಜರ ದುಡಿಮೆಗೆ ಕೂಲಿಯೇ ಸಿಗಲಿಲ್ಲವೋ ಅವರ ತೆರಿಗೆ ಹಣ ಮತ್ತೆ ಆ ಮನೆತನಕ್ಕೇ ಹೋಗಬೇಕೆ ಎಂಬುದು ಅವರ ಪ್ರಶ್ನೆ. 2024ರ ಏಪ್ರಿಲ್‌ನಲ್ಲಿ ಪ್ರಧಾನಿ ಮಿಯಾ ಮೋಟ್ಲಿ ಆ ಖರೀದಿಯನ್ನು ತಡೆಹಿಡಿದರು.

ಮುಂದೆ ಗನ್ ಹಿಲ್. ಇಲ್ಲಿನ ಕಾವಲುಗೋಪುರದಿಂದ ದ್ವೀಪದ ದಕ್ಷಿಣಾರ್ಧ ಪೂರ್ತಿ ಕಾಣುತ್ತದೆ. ಕೆಳಗೆ 1868ರಲ್ಲಿ ಬ್ರಿಟಿಷ್ ಸೇನಾಧಿಕಾರಿಯೊಬ್ಬ ಸುಣ್ಣಕಲ್ಲಿನ ಬಂಡೆಯಲ್ಲಿ ಕೆತ್ತಿಸಿದ ದೊಡ್ಡ ಬಿಳಿ ಸಿಂಹ. ಎಲ್ಲರೂ ಅದರ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಗೋಪುರವನ್ನು 1818ರಲ್ಲಿ ಕಟ್ಟಿದ್ದು ಏಕೆ ಎಂಬುದಕ್ಕೆ ಎರಡು ವರ್ಷ ಹಿಂದೆ ಹೋಗಬೇಕು. 1816ರ ಏಪ್ರಿಲ್ 14, ಈಸ್ಟರ್ ಭಾನುವಾರ. ಅಂದು ರಾತ್ರಿ ಸೇಂಟ್ ಫಿಲಿಪ್ ಭಾಗದ ತೋಟಗಳಲ್ಲಿ ಕಬ್ಬಿಗೆ ಬೆಂಕಿ ಬಿತ್ತು. ಬೇಲೀಸ್ ತೋಟದ ಬುಸ್ಸಾ ಎಂಬ ಗುಲಾಮ ಈ ಬಂಡಾಯದ ನಾಯಕರಲ್ಲಿ ಪ್ರಮುಖ. ಇದರ ಹಿಂದೆ ಒಬ್ಬ ಪತ್ರಿಕಾ ಓದುಗಳೂ ಇದ್ದಳು. ಸಿಮನ್ಸ್ ತೋಟದ ಮನೆಗೆಲಸದ ನ್ಯಾನಿ ಗ್ರಿಗ್ ಓದು ಬಲ್ಲವಳು. ಗುಲಾಮರ ಬಗ್ಗೆ ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದ ವಾದವಿವಾದಗಳನ್ನು ಪತ್ರಿಕೆಗಳಲ್ಲಿ ಓದಿ ಆಕೆ ಉಳಿದವರಿಗೆ ಹೇಳುತ್ತಿದ್ದಳು. ಬಿಡುಗಡೆ ತಾನಾಗಿ ಬರುವುದಿಲ್ಲ, ಹೈಟಿಯವರಂತೆ ಹೋರಾಡಿಯೇ ಪಡೆಯಬೇಕು ಎಂಬುದು ಆಕೆಯ ಮಾತಾಗಿತ್ತು. ಸೈನ್ಯ ಕೆಲವೇ ದಿನಗಳಲ್ಲಿ ಬಂಡಾಯವನ್ನು ಅಡಗಿಸಿತು. ಬುಸ್ಸಾ ಕಾದಾಟದಲ್ಲಿ ಸತ್ತ. ನೂರಾರು ಮಂದಿ ಪ್ರಾಣ ತೆತ್ತರು. ಇನ್ನೊಮ್ಮೆ ಹೀಗಾಗದಂತೆ ಗುಡ್ಡದಿಂದ ಗುಡ್ಡಕ್ಕೆ ಬಾವುಟ, ಲಾಂದ್ರಗಳಿಂದ ಸುದ್ದಿ ಮುಟ್ಟಿಸಲು ಗನ್ ಹಿಲ್‌ನಂಥ ಗೋಪುರಗಳು ಎದ್ದವು. ಹೊರಗಿನ ಶತ್ರುವಿಗಿಂತ ಒಳಗಿನ ಜನರ ಮೇಲೆಯೇ ಅವುಗಳ ಕಣ್ಣು.

ಚರಾಸ್ತಿಯಾದ ಮನೆ

1834ರ ಆಗಸ್ಟ್ 1ರಂದು ಗುಲಾಮಗಿರಿ ಕೊನೆಗೊಂಡಿತು. ಆದರೆ 'ತರಬೇತಿ'ಯ ಹೆಸರಿನ ಜೀತ ಮುಗಿಯಲು 1838ರ ಆಗಸ್ಟ್ 1ರವರೆಗೆ ಕಾಯಬೇಕಾಯಿತು. ಬ್ರಿಟಿಷ್ ಸರ್ಕಾರ ತನ್ನ ವಸಾಹತುಗಳ ಒಡೆಯರಿಗೆಲ್ಲ ಒಟ್ಟು ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಅದಕ್ಕಾಗಿ ಎತ್ತಿದ ಸಾಲದ ಬಾಕಿ ತೀರಿದ್ದು 2015ರಲ್ಲಿ. ಬಿಡುಗಡೆಯಾದವರಿಗೆ ಒಂದು ಬಿಡಿಗಾಸೂ ಇಲ್ಲ, ಒಂದು ಗೇಣು ನೆಲವೂ ಇಲ್ಲ.

ಜಮೈಕಾದಂಥ ದೊಡ್ಡ ದ್ವೀಪಗಳಲ್ಲಿ ಗುಡ್ಡಗಾಡಿಗೆ ಹೋಗಿ ನೆಲ ಹದ ಮಾಡಿಕೊಳ್ಳುವ ಅವಕಾಶವಿತ್ತು. ಇಲ್ಲಿ ಖಾಲಿ ನೆಲವೇ ಇರಲಿಲ್ಲ, ಎಲ್ಲವೂ ತೋಟದ ಧಣಿಗಳದ್ದು. ಬಿಡುಗಡೆಯಾದವರು ತೋಟದ ಅಂಚಿನ ಕಲ್ಲುನೆಲದಲ್ಲಿ ಬಾಡಿಗೆಗೆ ಜಾಗ ಪಡೆದರು. ಆ ಜಾಗ ಉಳಿಯಬೇಕಾದರೆ ಅದೇ ತೋಟದಲ್ಲಿ ದುಡಿಯಬೇಕು. ಧಣಿಗೆ ಸಿಟ್ಟು ಬಂದರೆ ಜಾಗ ಖಾಲಿ ಮಾಡಬೇಕು. ಅದಕ್ಕೇ ಮರದ ಮನೆ. ಹಲಗೆಗಳನ್ನು ಬಿಚ್ಚಿ ಗಾಡಿಗೆ ಹೇರಿ ಬೇರೆಡೆ ಮತ್ತೆ ಜೋಡಿಸಬಹುದು. ಕಡಿದಾದ ಮಾಡು, ನಡುವೆ ಬಾಗಿಲು, ಎರಡು ಪಕ್ಕಕ್ಕೆ ಒಂದೊಂದು ಕಿಟಕಿ. ಕೈಯಲ್ಲಿ ಸ್ವಲ್ಪ ಕಾಸು ಸೇರಿದರೆ ಹಿಂದೆ ಇನ್ನೊಂದು ಕೋಣೆ. ಇವುಗಳ ಹೆಸರು 'ಚಾಟಲ್ ಹೌಸ್', ಎಂದರೆ ಚರಾಸ್ತಿ ಮನೆ. ಅಜ್ಜ ಸ್ಥಿರಾಸ್ತಿಯಾಗಿದ್ದ, ಮೊಮ್ಮಗನ ಮನೆ ಚರಾಸ್ತಿಯಾಯಿತು.

ಗನ್ ಹಿಲ್‌ನಿಂದ ಇಳಿಯುವ ದಾರಿಯಲ್ಲಿ ಗುಲಾಬಿ, ಹಳದಿ, ಹಸಿರು ಬಣ್ಣದ ಈ ಮನೆಗಳು ಕಾಣುತ್ತವೆ. ಹೋಟೆಲುಗಳ ಸುತ್ತಮುತ್ತ ಇವೇ ಮಾದರಿಯ ಗೂಡಂಗಡಿಗಳಲ್ಲಿ ನೆನಪಿನ ಕಾಣಿಕೆಗಳ ಮಾರಾಟ. ನೆಲ ಕೊಳ್ಳುವ ಹಣ ಮೊದಲು ಬಂದದ್ದು ಹೊರಗಿನಿಂದ. 1904ರಿಂದ 1914ರವರೆಗೆ ಪನಾಮಾ ಕಾಲುವೆ ಅಗೆಯಲು ಸುಮಾರು 20 ಸಾವಿರ ಬಾರ್ಬಡೋಸ್ ಕೂಲಿಗಳು ಕರಾರಿನ ಮೇಲೆ ಹೋದರು. ಉಳಿದು ಬಂದವರು ತಂದ 'ಪನಾಮಾ ದುಡ್ಡು' ಕೆಲವರಿಗೆ ತುಂಡು ನೆಲ ಕೊಡಿಸಿತು. ಉಳಿದವರು 1980ರವರೆಗೆ ಕಾಯಬೇಕಾಯಿತು. ಆ ವರ್ಷ ಬಂದ ಕಾನೂನು, ತೋಟದ ಜಾಗಗಳಲ್ಲಿ ಬಾಡಿಗೆಗಿದ್ದವರಿಗೆ ಚದರಡಿಗೆ ಹತ್ತು ಸೆಂಟಿನಂತೆ ಆ ನೆಲವನ್ನು ಕೊಳ್ಳುವ ಹಕ್ಕು ಕೊಟ್ಟಿತು. ಆಮೇಲೆ ಅನೇಕರು ಮರದ ಮನೆಯ ಸುತ್ತ ಸಿಮೆಂಟು ಗೋಡೆ ಎಬ್ಬಿಸಿದರು. ಹಲವು ತಲೆಮಾರುಗಳ ನಂತರ ಮನೆ ನೆಲಕ್ಕೆ ಬೇರು ಬಿಟ್ಟಿತು.

ಹೆಸರಿಲ್ಲದ ಗದ್ದೆ

ಹೆದ್ದಾರಿಯ ವೃತ್ತವೊಂದರಲ್ಲಿ ಕಾರ್ಲ್ ಬ್ರೂಡ್‌ಹಾಗನ್ ರೂಪಿಸಿದ, 1985ರಲ್ಲಿ ಸ್ಥಾಪಿಸಿದ ಕಂಚಿನ ಪ್ರತಿಮೆ ಇದೆ. ಸಂಕೋಲೆ ಮುರಿದು, ಎರಡೂ ಕೈ ಮೇಲೆತ್ತಿ ನಿಂತ ಗಂಡಸು. ಅಧಿಕೃತವಾಗಿ ಅದು ವಿಮೋಚನೆಯ ಪ್ರತಿಮೆ. ಬುಸ್ಸಾ ಹೇಗಿದ್ದನೆಂದು ಬಲ್ಲವರಿಲ್ಲ, ಆದರೂ ಜನರು ಅದನ್ನು ಬುಸ್ಸಾ ಎಂದೇ ಕರೆಯುತ್ತಾರೆ.

ದಿನದ ಕೊನೆಯ ನಿಲುಗಡೆ ಕ್ರೈಸ್ಟ್ ಚರ್ಚ್ ಭಾಗದ ನ್ಯೂಟನ್ ತೋಟ. ಇಲ್ಲಿ ನೋಡಲು ಹುಲ್ಲುಗಾವಲಿನ ಇಳಿಜಾರೊಂದನ್ನು ಬಿಟ್ಟರೆ ಹೆಚ್ಚೇನೂ ಇಲ್ಲ. ಆದರೆ ಆ ಹುಲ್ಲಿನ ಕೆಳಗೆ ಸುಮಾರು 1660ರಿಂದ 1820ರವರೆಗೆ ಮಣ್ಣುಮಾಡಿದ 570ರಷ್ಟು ಗುಲಾಮರಿದ್ದಾರೆ ಎಂದು ಪುರಾತತ್ತ್ವಜ್ಞರ ಅಂದಾಜು. ಯಾರ ತಲೆಯ ಬಳಿಯೂ ಕಲ್ಲಿಲ್ಲ. 1970ರ ದಶಕದ ಆರಂಭದಲ್ಲಿ ಜೆರೋಮ್ ಹ್ಯಾಂಡ್ಲರ್ ಮತ್ತು ಫ್ರೆಡರಿಕ್ ಲ್ಯಾಂಗ್ ಇಲ್ಲಿ ಉತ್ಖನನ ನಡೆಸಿದಾಗ ದಾಖಲೆಗಳು ಹೇಳದ ಸಂಗತಿಗಳನ್ನು ಎಲುಬುಗಳು ಹೇಳಿದವು. ಹಲ್ಲುಗಳ ಮೇಲಿನ ಗೆರೆಗಳು ಬಾಲ್ಯದ ಹಸಿವನ್ನು ತೋರಿಸಿದವು. ಎಲುಬುಗಳಲ್ಲಿ ಸೀಸದ ವಿಷ ಸೇರಿತ್ತು. ಸೀಸ ಬೆರೆತ ಪಾತ್ರೆಗಳಲ್ಲಿ ಇಳಿಸಿದ ರಮ್ ಅದಕ್ಕೆ ಮುಖ್ಯ ಕಾರಣವೆಂದು ಸಂಶೋಧಕರು ತರ್ಕಿಸಿದರು.

ಒಂದು ಗುಂಡಿಯಲ್ಲಿ ವಯಸ್ಸಾದ ಗಂಡಸೊಬ್ಬನ ಅಸ್ಥಿ ಸಿಕ್ಕಿತು. ಲೋಹದ ಬಳೆಗಳು, ಉಂಗುರಗಳು, ಚಾಕು, ಮಣ್ಣಿನ ಚಿಲುಮೆ, ಕೊರಳಲ್ಲೊಂದು ಹಾರ. ಆತ ತನ್ನವರ ನಡುವೆ ಮದ್ದು ಕೊಡುವ, ಕಣಿ ಹೇಳುವ ಹಿರಿಯನಾಗಿದ್ದಿರಬೇಕು. ಹಾರದಲ್ಲಿ ನಾಯಿಯ ಹಲ್ಲು, ಮೀನಿನ ಮೂಳೆ, ಯುರೋಪಿನ ಗಾಜಿನ ಮಣಿಗಳ ಜೊತೆಗೆ ಕವಡೆಗಳಿದ್ದವು. ಆಫ್ರಿಕದ ಪಶ್ಚಿಮ ತೀರದಲ್ಲಿ ಮನುಷ್ಯರನ್ನು ಕೊಳ್ಳಲು ನಾಣ್ಯವಾಗಿ ಬಳಕೆಯಾದ ಕವಡೆ ಹೋಗುತ್ತಿದ್ದುದು ಹಿಂದೂ ಮಹಾಸಾಗರದ ಮಾಲ್ಡೀವ್ಸ್‌ನಿಂದ. ಹಾರದ ನಡುವೆ ಕೆಂಪು ಛಾಯೆಯ ದೊಡ್ಡದೊಂದು ಅಕೀಕದ ಮಣಿ. ಅದು ಗುಜರಾತಿನ ಖಂಭಾತಿನ ಕುಶಲಕರ್ಮಿಗಳ ಕೈಯಿಂದ ಬಂದಿರಬೇಕೆಂದು ತಜ್ಞರ ಅಭಿಪ್ರಾಯ. ಭಾರತದಲ್ಲಿ ತಯಾರಾದ ಮಣಿ ಅರಬರ, ಆಫ್ರಿಕದ ವರ್ತಕರ ಕೈಗಳನ್ನು ದಾಟಿ, ಭಾರತದಲ್ಲೇ ಕಣ್ಣುಬಿಟ್ಟ ಸಕ್ಕರೆಯ ತೋಟದಲ್ಲಿ ದುಡಿದು ಸತ್ತವನ ಕೊರಳು ಸೇರಿತ್ತು.

1998ರಲ್ಲಿ ಬಾರ್ಬಡೋಸ್ ವಸ್ತುಸಂಗ್ರಹಾಲಯ ಈ ನೆಲವನ್ನು ಪಡೆದುಕೊಂಡಿತು. ಗಣರಾಜ್ಯವಾದ ಕೆಲವೇ ದಿನಗಳಲ್ಲಿ, 2021ರ ಡಿಸೆಂಬರ್‌ನಲ್ಲಿ, ಸರ್ಕಾರ ಇಲ್ಲೊಂದು ಸ್ಮಾರಕ ಕಟ್ಟುವ ಯೋಜನೆಯನ್ನು ಪ್ರಕಟಿಸಿತು.

ನ್ಯೂಟನ್ ತೋಟದಿಂದ ಬ್ರಿಜ್‌ಟೌನ್‌ಗೆ ಕಾರಿನಲ್ಲಿ ಅರ್ಧ ಗಂಟೆಯ ದಾರಿ. ದಿನವಿಡೀ ನೋಡಿದ ಬಂಗಲೆ, ಗಾಣ, ಕಾಲೇಜು, ಗೋಪುರ ಎಲ್ಲವನ್ನೂ ಕಟ್ಟಿದವರು ಇಂಥ ಹುಲ್ಲಿನಡಿ ಮಲಗಿದವರು. ಅವರ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸುವ ಮಾತು ಬರಲು ಈ ದ್ವೀಪ ಸುಮಾರು ನಾನೂರು ವರ್ಷ ತೆಗೆದುಕೊಂಡಿತು.